ಶಿಳ್ಳೆ ಕದ್ದ ಶಾಯಿ

ಅಜ್ಜಿ ಕಾಯಿಸುತ್ತಿದ್ದ ಶಾಯಿಗೆ ತುಕ್ಕು ಹಿಡಿದ ಮೊಳೆಯದೂ ನೆನೆದ ಮರದ ತೊಗಟೆಯದೂ ಬೆರೆತ ವಾಸನೆ. ಅದು ಒಲೆಯ ಮೇಲೆ ಕುದಿಯುವಾಗ ಪುಟ್ಟ ಮೊಮ್ಮಗಳು ಮೂಗರಳಿಸಿ ಪಕ್ಕದಲ್ಲೇ ನಿಲ್ಲುತ್ತಿದ್ದಳು.

"ಇದ್ರಲ್ಲಿ ಬರೆದು ಏನು ಕೇಳಿದ್ರೂ ಸಿಗತ್ತೆ ಪುಟ್ಟಾ," ಎನ್ನುತ್ತಿದ್ದರು ಅಜ್ಜಿ. "ಆದ್ರೆ ಎಲ್ಲಿಂದ ತಂದುಕೊಡತ್ತೆ ಅಂತ ಮೊದ್ಲು ಯೋಚನೆ ಮಾಡು."

ದೊಡ್ಡವಳಾಗಿ ಕಥೆಗಾರ್ತಿಯಾದ ಮೊಮ್ಮಗಳು ಆ ಎರಡನೆಯ ಮಾತನ್ನು ಮರೆತೇಬಿಟ್ಟಿದ್ದಳು. ಕಳಿಸಿದ ಕಥೆಗಳೆಲ್ಲ ಗೋಡೆಗೆಸೆದ ಚೆಂಡಿನ ಹಾಗೆ ವಾಪಸು ಬರುತ್ತಿದ್ದವು. "ನಿಮ್ಮ ನಾಯಕನಿಗೆ ಜೀವವೇ ಇಲ್ಲಮ್ಮ," ಎಂದು ಪತ್ರಿಕೆಯ ಸಂಪಾದಕಿ ಪ್ರತಿ ಸಲವೂ ತಾವೇ ಫೋನ್ ಮಾಡಿ, ನೋಯದ ಹಾಗೆ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಅವಳು ಅಜ್ಜಿ ಬಿಟ್ಟುಹೋದ ಶಾಯಿಯ ಬಾಟಲಿ ತೆರೆದು, 'ನನ್ನ ನಾಯಕನಿಗೆ ಜೀವ ಬರಲಿ' ಎಂದು ಬರೆದಳು.

ನಾಯಕನನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಅವಳ ಕಿಟಕಿಯ ಕೆಳಗೇ ಸೈಕಲ್ ಶಾಪು. ಅಲ್ಲಿಯ ಮೆಕ್ಯಾನಿಕ್ ಟ್ಯೂಬಿಗೆ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದ. ಸೋರುವ ಗಾಳಿ ತಣ್ಣಗೆ ತಾಗಿದಲ್ಲಿ ಪಂಕ್ಚರ್. ನೀರಿನ ಟಬ್ಬಿಗೆ ಕೆಲಸವೇ ಇರಲಿಲ್ಲ. ಗಾಲಿ ಸರಿಹೋದರೆ ಒಂದು ಶಿಳ್ಳೆ. ಆಮೇಲೆ ತಲೆಯೆತ್ತಿ ನಗುತ್ತಿದ್ದ. ಆಗ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತಿತ್ತು.

"ರೈಟರಮ್ಮಾ, ಬರೀತಿದ್ದೀರೋ, ನನ್ನನ್ನೇ ನೋಡ್ತಿದ್ದೀರೋ?"

"ನಿಮ್ಮನ್ನ ಯಾರು ನೋಡ್ತಾರೆ? ರಸ್ತೆ ನೋಡ್ತಿದ್ದೆ."

"ರಸ್ತೆ ಆ ಕಡೆ ಇದೆ!"

ಅವಳು ಅದೇ ಶಾಯಿಯಲ್ಲಿ ಕಥೆ ಬರೆದಳು. ಆ ಶಿಳ್ಳೆ, ಆ ಹುಬ್ಬು, ಗಾಳಿಯ ಗುಟ್ಟು ಬಲ್ಲ ಆ ಕೆನ್ನೆ, ಒಂದನ್ನೂ ಬಿಡಲಿಲ್ಲ. ಕಥೆ ಓದಿದ ಸಂಪಾದಕಿ ಫೋನಿನಲ್ಲೇ ಕುಣಿದರು. "ಇದು ಕಥೆ ಅಂದ್ರೆ! ಮುಂದಿನ ಸಂಚಿಕೆಗೇ ಹಾಕ್ತೀನಿ."

ಸಂತೋಷ ಹಂಚಿಕೊಳ್ಳಲು ಅವಳು ಕೆಳಗೆ ಓಡಿದಳು. ಅಂಗಡಿಯಲ್ಲಿ ಸದ್ದಿಲ್ಲ. ಗಿರಾಕಿಯೊಬ್ಬ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಮೆಕ್ಯಾನಿಕ್ ಅದೇ ಟ್ಯೂಬನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದ.

"ಕೆನ್ನೆಗೆ ಏನೂ ಗೊತ್ತಾಗ್ತಿಲ್ಲ ರೈಟರಮ್ಮ, ಮರಗಟ್ಟಿದ ಹಾಗಿದೆ. ಶಿಳ್ಳೆ ಹಾಕಿದ್ರೆ ಬರೀ ಉಸಿರು." ಅವಳಿಗೆ ಗಾಬರಿಯಾಗದಿರಲೆಂದು ನಕ್ಕ. ಎರಡು ಹುಬ್ಬುಗಳೂ ಒಟ್ಟಿಗೇ ಎದ್ದವು, ಯಾರದೋ ಹುಬ್ಬಿನ ಹಾಗೆ.

ಶಾಯಿ ಎಲ್ಲಿಂದ ತಂದುಕೊಟ್ಟಿತೆಂದು ಅವಳಿಗೆ ಆಗ ತಿಳಿಯಿತು. ಮೇಲೆ ಹೋಗಿ ಸಂಪಾದಕಿಗೆ ಫೋನ್ ಮಾಡಿದಳು.

"ಆ ಕಥೆ ಹಾಕ್ಬೇಡಿ ಮೇಡಂ."

"ತಲೆ ಕೆಟ್ಟಿದೆಯೇನಮ್ಮ?" ಎಂದ ಸಂಪಾದಕಿ, ಅವಳು ಬಿಕ್ಕುವುದು ಕೇಳಿಸಿ ದನಿ ತಗ್ಗಿಸಿದರು. "ಹೋಗ್ಲಿ ಬಿಡು. ಇನ್ನೊಂದು ಬರಿ, ಜಾಗ ಇಟ್ಟಿರ್ತೀನಿ."

ತನ್ನ ಬಳಿಯಿದ್ದ ಕಥೆಯ ಮೂಲಪ್ರತಿಯಲ್ಲಿ, ಅದೇ ಶಾಯಿಯಿಂದ ಒಂದೊಂದೇ ಸಾಲು ಹೊಡೆದುಹಾಕಿದಳು. ಕೊನೆಯ ಸಾಲಿಗೆ ಗೀಟು ಬಿದ್ದದ್ದೇ, ಕೆಳಗಿನಿಂದ ಉದ್ದನೆಯ ಶಿಳ್ಳೆ ಕೇಳಿಸಿತು.

ಅವನು ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿಬಂದ. ಅವಳು ಎಲ್ಲವನ್ನೂ ಹೇಳಿದಳು.

"ಕೆನ್ನೇನೂ ತಗೊಂಡಿದ್ರಾ?" ಅವನ ಕಿವಿ ಕೆಂಪಾಯಿತು. "ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ತಮಾಷೆ ಬೇಡ."

"ಕಥೆ ಚೆನ್ನಾಗಿತ್ತಾ?"

"ತುಂಬಾ. ಅಂಥದ್ದು ಮತ್ತೆ ಬರೆಯೋಕಾಗತ್ತೋ ಇಲ್ವೋ."

"ಆದ್ರೂ ಹೊಡೆದುಹಾಕಿದ್ರಾ?"

"ಆ ನಗು ನಿಮ್ಮದಾಗಿರ್ಲಿಲ್ಲ. ನೋಡೋಕಾಗ್ಲಿಲ್ಲ ನಂಗೆ." ಅವಳು ನೆಲ ನೋಡಿದಳು. "ಕಥೆ ಇಲ್ದಿದ್ರೂ ನಡೆಯತ್ತೆ. ಕೆಳಗಡೆ ನೀವು ಇರ್ಬೇಕು."

"ಕೆಳಗಡೇನೇ ಇರ್ಬೇಕಾ?"

ಅವಳು ನಗುತ್ತ ಕಣ್ಣೊರೆಸಿಕೊಂಡಳು. ಅಂದು ಅಡುಗೆಯಿಲ್ಲದೆ ತಣ್ಣಗಿದ್ದ ಒಲೆಯ ಕಡೆ ಅವನ ಕಣ್ಣು ಹೋಯಿತು. ಕೆಳಗಿಳಿದುಹೋದ. ತನಗೆಂದು ಅಮ್ಮ ಕಟ್ಟಿಕೊಟ್ಟಿದ್ದ ಊಟದ ಡಬ್ಬಿಯನ್ನು ತಂದು, ಮುಚ್ಚಳಕ್ಕೆ ಅಂಟಿದ್ದ ಗ್ರೀಸನ್ನು ತನ್ನ ಅಂಗಿಗೇ ಒರೆಸಿ, ಅವಳ ಕೈಗಿಟ್ಟ.