ಏಳನೇ ಪೆಟ್ಟಿಗೆ

"ಇಲ್ಲ ಕಣೋ, ಇದರಲ್ಲೂ ಇಲ್ಲ," ಎಂದಳು ಅಕ್ಕ.

ಅವಳ ಎರಡೂ ಕೈ ಏಳನೇ ಪೆಟ್ಟಿಗೆಯ ಮೂಲೆಗಳಲ್ಲಿ ತಡಕಾಡುತ್ತಿದ್ದವು. ಹುಡುಕುತ್ತಿದ್ದುದು ಒಂದು ದಪ್ಪ ನೋಟುಬುಕ್ಕು. ಹಳೆ ಊರಿನ ಅಂಗಡಿಗೆ ಇಪ್ಪತ್ತೆರಡು ವರ್ಷ ಬಂದ ಓದುಗರ ವಿಳಾಸ, ಯಾರಿಗೆ ಎಂಥ ಪುಸ್ತಕ ಇಷ್ಟ — ಎಲ್ಲ ಅದರಲ್ಲೇ ಇತ್ತು. ಭಾವ ತೀರಿಕೊಂಡು, ಅಂಗಡಿಯ ಕಟ್ಟಡವನ್ನೂ ಕೆಡವಿದ ಮೇಲೆ ಅಕ್ಕ ಎಲ್ಲವನ್ನೂ ಗಂಟುಕಟ್ಟಿ ಈ ಊರಿಗೆ ತಂದಿದ್ದಳು. ಇಲ್ಲಿ ಅವಳ ಮುಖಪರಿಚಯವೂ ಯಾರಿಗೂ ಇಲ್ಲ. ಹಳಬರಿಗೆ ಅಂಚೆಯಲ್ಲಿ ಪುಸ್ತಕ ಕಳಿಸಿಯೇ ಅಂಗಡಿ ಉಸಿರಾಡಬೇಕು. ನೋಟುಬುಕ್ಕು ಇಲ್ಲದಿದ್ದರೆ ಮೂರು ತಿಂಗಳಲ್ಲಿ ಬಾಗಿಲು ಮುಚ್ಚಬೇಕಾದೀತು.

ಹನ್ನೊಂದಕ್ಕೆ ಅಂಗಡಿ ಮತ್ತೆ ತೆರೆಯಬೇಕು. ಆಗಲೇ ಒಂಬತ್ತೂವರೆ.

ಎರಡು ದಿನದಿಂದ ಇಲ್ಲಿ ಓಡಾಡಿದವರು ಯಾರು? ಅಕ್ಕನ ಅತ್ತೆ, ಕಪಾಟು ಮಾಡಿದ ಬಡಗಿ, ಹಳೆ ಊರಿನಿಂದ ಸಹಾಯಕ್ಕೆಂದು ಬಂದ, ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಯಜಮಾನರು. ಮತ್ತೆ ಪೆಟ್ಟಿಗೆ ಹೊತ್ತು ಸೊಂಟ ಮುರಿದುಕೊಂಡ ನಾನು. ನನ್ನನ್ನು ಬಿಡಿ.

ಅಕ್ಕ ಅತ್ತೆಯತ್ತ ತಿರುಗಿದಳು. ಊರು ಬಿಡುವುದು ಬೇಡವೆಂದು ತಿಂಗಳುಗಟ್ಟಲೆ ಹಟ ಹಿಡಿದಿದ್ದವರು ಅವರೇ.

"ನೀವು ತೆಗೆದಿಟ್ಟಿದ್ರೆ ಕೊಟ್ಬಿಡಿ ಅತ್ತೆ. ನಾನೇನೂ ಅನ್ನಲ್ಲ."

ಅತ್ತೆಯ ಮುಖ ಬಿಳಿಚಿತು. ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಸ್ವಲ್ಪ ತಡೀರಿ," ಎಂದಳು ಆಗಷ್ಟೇ ಬಸ್ಸಿಳಿದು ಬಂದಿದ್ದ ನನ್ನ ಹೆಂಡತಿ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಕಂಡದ್ದರಲ್ಲೆಲ್ಲ ಮೂಗು ತೂರಿಸುವವಳು. ನನ್ನ ಜೇಬಿನಲ್ಲಿ ಏನಿದೆಯೆಂಬುದು ನನಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ.

ಪೆಟ್ಟಿಗೆಯ ಟೇಪಿನ ಮೇಲೆ ಇನ್ನೊಂದು ಟೇಪು ಅಂಟಿಸಿದ್ದನ್ನು ತೋರಿಸಿ, ಇದನ್ನು ತೆರೆದವರು ಯಾರೆಂದು ಒಬ್ಬೊಬ್ಬರನ್ನೇ ಕೇಳಿದಳು. ಬಡಗಿ ಗೋಡೆಯ ಕಡೆ ತಳ್ಳಿದ್ದಷ್ಟೇ ಎಂದ. ಯಜಮಾನರು ತಾವು ಏಳನೆಯದನ್ನು ಮುಟ್ಟೇ ಇಲ್ಲವೆಂದರು. ಅತ್ತೆ ತಲೆ ಎತ್ತಲಿಲ್ಲ.

"ಅಕ್ಕಾ, ನೀವು ಹೇಗೆ ತುಂಬಿದ್ರಿ?"

"ಯಾವಾಗ್ಲೂ ತುಂಬೋ ಹಾಗೆ. ಪುಸ್ತಕದ ಬೆನ್ನು ಕೆಳಗೆ ಮಾಡಿ, ನಿಲ್ಸಿ."

"ಈಗ ಮಲಗಿವೆ. ಒಂದರ ಬೆನ್ನು ಎಡಕ್ಕೆ, ಅದರ ಮೇಲಿನದು ಬಲಕ್ಕೆ. ತಳದವರೆಗೂ ಹೀಗೇ."

ಕದ್ದವರು ಗಡಿಬಿಡಿಯಲ್ಲಿ ತುಂಬಿರುತ್ತಾರೆ ಎಂದೆ ನಾನು, ದೊಡ್ಡ ಬುದ್ಧಿವಂತನ ಹಾಗೆ.

"ಗಡಿಬಿಡಿಯವರು ಸುರೀತಾರೆ. ಈ ರಾಶಿ ಮೇಲೆ ಲೋಟ ನೀರಿಟ್ರೂ ತುಳುಕಲ್ಲ. ಹೊಲಿದ ಪುಸ್ತಕಕ್ಕೆ ಬೆನ್ನು ದಪ್ಪ. ಎಲ್ಲ ಬೆನ್ನೂ ಒಂದೇ ಕಡೆ ಬಂದ್ರೆ ರಾಶಿ ವಾಲುತ್ತೆ. ನಮ್ಮ ಕಚೇರಿ ರಿಜಿಸ್ಟರು ಬೈಂಡ್ ಮಾಡೋರು ಒತ್ತೋ ಪ್ರೆಸ್ಸಿಗೆ ಇಡೋ ಮೊದಲು ಹೀಗೇ ಪೇರಿಸ್ತಾರೆ. ಯೋಚನೆ ಮಾಡಿ ಇಡೋದಲ್ಲ, ಕೈಗೆ ಅಭ್ಯಾಸ. ತೆಗೆದಿದ್ದು ನೀವೇ — ಅಲ್ವಾ ಯಜಮಾನ್ರೇ?"

ಯಜಮಾನರು ತಮ್ಮ ಚೀಲದಿಂದ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ನೋಟುಬುಕ್ಕನ್ನು ತೆಗೆದು ಮೇಜಿನ ಮೇಲಿಟ್ಟರು. ಹಳೆ ಊರಲ್ಲಿ ತಮ್ಮ ಮನೆಯ ಮುಂದಿನ ಕೋಣೆ ಖಾಲಿಯಿದೆ, ಇಲ್ಲಿ ನಡೆಯದಿದ್ದರೆ ಅಕ್ಕ ಅಂಗಡಿಯೊಂದಿಗೆ ಅಲ್ಲಿಗೇ ವಾಪಸು ಬರುತ್ತಾಳೆ ಅಂದುಕೊಂಡಿದ್ದರಂತೆ.

"ಕೋಣೆ ಇದೆ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಎಂದಳು ಅಕ್ಕ.

"ನೀವು ಕೇಳ್ತೀರಿ ಅಂತ ಕಾಯ್ತಿದ್ದೆ."

ಅಕ್ಕ ಅವರನ್ನು ಬೈಯಲಿಲ್ಲ. ಅವಳಿಗೆ ಆಗ ನೆನಪಾದದ್ದೇ ಬೇರೆ. ಮೆಟ್ಟಿಲ ಬಳಿ ಹೋಗಿ, ಅತ್ತೆಯ ಕೈ ಹಿಡಿದು, ತಪ್ಪಾಯಿತೆಂದಳು. ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡರು.

"ಹೊರಗಿನವರ ಮೇಲೆ ನಿಂಗೆ ಅನುಮಾನ ಬರ್ಲಿಲ್ಲ. ನನ್ನ ಮೇಲೇ ಬಂತು."

ಹನ್ನೊಂದಕ್ಕೆ ಸರಿಯಾಗಿ ಅಂಗಡಿ ತೆರೆಯಿತು. ಮಧ್ಯಾಹ್ನ ಅತ್ತೆ ತಮ್ಮ ಸ್ವಂತ ತಮ್ಮನ ಮನೆಗೆಂದು ಹೊರಟು ಹೋದರು.