ಬೇರಿಂಗಿನದು ನನಗೆ

ಹುಡುಗನ ಕಡೆಯವರು ಬರುವ ಮೊದಲೇ ಅಪ್ಪ ತಾಕೀತು ಮಾಡಿದ್ದರು: "ಸುರಭಿ, ಇವತ್ತ ಆ ಯೋ-ಯೋ ಸುದ್ದಿ ತಗೀಬ್ಯಾಡ."

ತೆಗೆಯಲು ಯೋ-ಯೋ ಎಲ್ಲಿತ್ತು? ಹೋದ ವಾರ ಪಾರ್ಕ್ ಚೌಕದ ಸ್ಪರ್ಧೆಯಲ್ಲಿ ಸೆಮಿಫೈನಲ್ ಗೆದ್ದ ಮರುಕ್ಷಣವೇ ಅದು ನೆಲದ ಕಲ್ಲುಫರಸಿಗೆ ಬಡಿದು ಹೋಳಾಗಿತ್ತು. ಬರುವ ರವಿವಾರ ಫೈನಲ್. ತೊಂಬತ್ತೊಂಬತ್ತರ ಆ ಬೇಸಿಗೆಯಲ್ಲಿ ಸೊಲ್ಲಾಪುರದ ಹುಡುಗರೆಲ್ಲ ಬೆರಳಿಗೆ ದಾರ ಸುತ್ತಿಕೊಂಡು ಈ ಗಾಲಿಯನ್ನು ಇಳಿಬಿಟ್ಟು ಎಳೆಯುತ್ತಲೇ ತಿರುಗುತ್ತಿದ್ದರು. ಫೈನಲ್‌ಗೆ ಬಂದ ಹುಡುಗಿ ಮಾತ್ರ ನಾನೊಬ್ಬಳೇ. ಅಂಥವಳು ಈಗ ಅವಲಕ್ಕಿ ಪೋಹೆಯ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಲ್ಲಬೇಕಂತೆ! ತಟ್ಟೆ ಹಿಡಿದೆ. ತಲೆ ತಗ್ಗಿಸಲಿಲ್ಲ.

ಹುಡುಗ ಮಯೂರ, ಅಕ್ಕಲಕೋಟದ ಬ್ಯಾಂಕಿನಲ್ಲಿ ಕಾರಕೂನ. ನನ್ನ ಮುಖ ನೋಡಿದ, ಬೆರಳ ಮೇಲಿನ ದಾರದ ಗಾಯ ನೋಡಿದ, ತುಟಿಯಂಚಿನಲ್ಲೇ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಮನೆಯ ಮುಂಚಾಚಿನ ಗ್ಯಾಲರಿಗೆ ಕಳಿಸಿದರು.

"ಹ್ವಾದ ವಾರ ಪಾರ್ಕ್ ಚೌಕದ ಮಂದ್ಯಾಗ ನಾನೂ ಇದ್ದೆ," ಎಂದವನೇ ಜೇಬಿನಿಂದ ಎರಡು ಹೊಸ ಯೋ-ಯೋ ತೆಗೆದ. "ಪುಣೆದಿಂದ ತರಿಸೀನಿ. ಇದು ಬೇರಿಂಗಿಂದು, ಭಾಳ ಹೊತ್ತು ತಿರಗತದ, ಜಗ್ಗಿ ಕರದ್ರಷ್ಟ ಬರತದ. ಇದು ಕ್ಲಚ್‌ದು, ಜೋರು ಕಮ್ಮಿ ಆತಂದ್ರ ತಾನ ಕೈಗೆ ಬರತದ. ಆರಿಸ್ರಿ."

ಎರಡನ್ನೂ ಎಸೆದು ನೋಡಿದೆ. ಕ್ಲಚ್‌ನದು ಹೇಳಿದಂತೆ ಕೇಳುವ ಮಗುವಿನ ಹಾಗೆ ಬಂದು ಅಂಗೈ ಸೇರಿತು. ಅದನ್ನು ಹಿಡಿದರೆ ಮಂದಿಯೆದುರು ಮಾನ ಹೋಗುವ ಭಯವೇ ಇಲ್ಲ. ಬೇರಿಂಗಿನದು ಕೆಳಗೇ ಗುಂಯ್‌ಗುಡುತ್ತ ನಿಂತಿತು. ಎಳೆತ ತಪ್ಪಿದರೆ ಅಲ್ಲೇ ಸತ್ತಂತೆ ಜೋತುಬೀಳುತ್ತದೆ.

"ನಿಮ್ಮ ಮನಸಿನ್ಯಾಗ ಯಾವದದ?" ಕೇಳಿದೆ.

ಅವನು ಕ್ಲಚ್‌ನದರ ಕಡೆ ಕಣ್ಣು ಹಾಯಿಸಿದ.

"ತಾನ ತಿರುಗಿ ಬರೂ ಹೆಂಡ್ತಿ ಬೇಕೇನ್ರಿ? ಹಂಗಿದ್ರ ಬ್ಯಾರೆ ಮನಿ ನೋಡ್ಕೋರಿ. ಬೇರಿಂಗಿಂದು ನನಗ!"

ಅವನ ಕಿವಿ ಕೆಂಪಾದವು. "ಹಂಗಲ್ರೀ... ನೀವು ಬೇರಿಂಗಿಂದ ತಗೋಳ್ಳಿ ಅಂತ ದೇವರಿಗೆ ಬೇಡ್ಕೊಂಡಿದ್ದೆ. ಕ್ಲಚ್‌ದು ನನಗ ಬೇಕಿತ್ತು. ಬೇರಿಂಗಿಂದು ನಾ ಎಷ್ಟು ಕರದ್ರೂ ಬರವಲ್ದು."

ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ. ಆ ನಗುವಿಗೇ ನನ್ನ ಮನಸ್ಸು ಸೋತಿತು.

ಒಳಗೆ ಬಂದಾಗ ಅವನ ತಾಯಿ ವೇಣೂಬಾಯಿ ನನ್ನ ಕೈಯಲ್ಲಿದ್ದುದನ್ನು ಕಂಡರು. "ಅಗಬಾಯಿ! ಈ ಹುಡುಗಾಟ ಇವತ್ತಿಗೇ ಬಿಡಬೇಕವಾ. ರವಿವಾರ ಅಲ್ಲಿ ಹೋಗಿ ಆಡಿದ್ರ ಈ ಲಗ್ನದ ಸೋಯರಿಕಿ ಆಗಂಗಿಲ್ಲ."

ಅಪ್ಪ ನನ್ನತ್ತ ಬೇಡುವಂತೆ ನೋಡಿದರು. ಹಠ ಹಿಡಿದರೆ ಮಯೂರ ಕೈತಪ್ಪಿ ಹೋಗುತ್ತಾನೆಂದು ಗೊತ್ತಿತ್ತು. ಆದರೂ ಅಂದೆ, "ನಾ ಆಡಾಕಿನ."

"ಆತು. ಹೋಗಿ ತಿಳಸ್ತೀವಿ," ಎಂದು ವೇಣೂಬಾಯಿ ಎದ್ದೇಬಿಟ್ಟರು.

ಹಾಗೆಂದರೆ ಇಲ್ಲ ಎಂದೇ ಅರ್ಥ. ಹುಡುಗಿ ಪಸಂದ ಇದ್ದಾಳೋ ಇಲ್ಲವೋ ಅವರು ಹೇಳುತ್ತಾರೆ, ನಾವು ಕಾಯುತ್ತೇವೆ. ಹುಡುಗ ಹೇಗೆ ಎಂದು ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಕತ್ತೆ ಬಾಲ!

"ನೀವು ಹೋಗಿ ತಿಳಸ್ರಿ. ನಾ ಈಗ ತಿಳಸ್ತೀನಿ," ಎಂದೆ. "ನನಗ ಹುಡುಗ ಪಸಂದ ಇದ್ದಾನ."

ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ ಮಯೂರ ಅದನ್ನು ಕಳಚಿ, ತಾಯಿಯನ್ನು ದಾಟಿ ನೇರವಾಗಿ ಅಪ್ಪನ ಮುಂದೆ ಬಂದು ನಿಂತ.

"ರವಿವಾರ ಫೈನಲ್ ಎಷ್ಟಕ್ಕ ಚಾಲೂ ಆಗತದ್ರಿ, ಮಾವಾರ?"