ಗೋಡೆಯ ಮೂಲೆಯ ಹೆಸರು

"ಏನ್ ಮಾಡಿದ್ರಿ ಬಕ್ಕೇಶ್! ಅದು ನನ್ನ ಹೆಸರು ರೀ!"

ಭುವನೇಶ್ವರಿಯ ಕೂಗಿಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಆ ಬೀದಿಯೇ ತಿರುಗಿ ನೋಡಿತು. ಶಾಲೆಯ ಕಾಂಪೌಂಡಿನ ಮೇಲೆ ಅವಳು ಬರೆದಿದ್ದ ಚಿತ್ರದಲ್ಲಿ ಹತ್ತಿ ಗಿರಣಿಯ ಹೆಂಗಸರು ಹಾಗೇ ನಗುತ್ತಿದ್ದರು. ಮೂಲೆಯಲ್ಲಿದ್ದ ಅವಳ ಸಹಿ ಮಾತ್ರ ಬಿಳಿ ಬಣ್ಣದಡಿ ಮಾಯ! ಬ್ರಶ್ ಇದ್ದದ್ದು ಬಕ್ಕೇಶನ ಕೈಯಲ್ಲಿ.

ಆ ಗೋಡೆಯಲ್ಲಿ ಚಿತ್ರ ಅವಳದು, ಅಕ್ಷರ ಅವನದು. ಕೆಲಸ ಶುರುವಾದಾಗಿನಿಂದ ಇಬ್ಬರೂ ಒಂದೇ ಪೊಟ್ಟಣದ ಮಂಡಕ್ಕಿ ತಿಂದವರು. ಗುತ್ತೂರಿನ ಈ ಹುಡುಗಿಯ ಮನಸ್ಸು ಆ ಪೊಟ್ಟಣ ಹಂಚಿಕೊಂಡವನ ಸುತ್ತಲೇ ಸುಳಿಯುತ್ತಿದ್ದದ್ದು ಅವಳೊಬ್ಬಳಿಗೇ ಗೊತ್ತಿತ್ತು...

ಅವಳು ಬರೆದ ಗೋಡೆಗಳೆಲ್ಲ ಈವರೆಗೆ ಗುತ್ತಿಗೆದಾರ ರುದ್ರಮುನಿಯ ಹೆಸರಲ್ಲೇ ಮೆರೆದಿದ್ದವು. ಈ ಸಲ ಹಟ ಹಿಡಿದು ಸಹಿ ಹಾಕಿದ್ದಳು.

"ರುದ್ರಮುನಿ ಅಳಿಸು ಅಂದ್ರಾ?"

"ಅಂದ್ರು."

"ನೀವು ಅಳಿಸಿಬಿಟ್ರಿ!"

ಬಕ್ಕೇಶನ ಮುಖ ಕೆಂಪಾಯಿತು. "ನನ್ನ ಬಗ್ಗೆ ಇಷ್ಟೇನಾ ನಿಮಗೆ ಗೊತ್ತಿರೋದು? ಸಂಜೆ ಬಂದು ನೋಡ್ರಿ."

ಬಿಡಿಸಿ ಹೇಳಬಹುದಿತ್ತು. ಅವನಿಗೂ ಬಿಗುಮಾನ ನೋಡಿ!

ಅವಳು ಊರ ಕಡೆಗೆ ಸಿಕ್ಕ ಬಸ್ಸು ಹತ್ತಿದಳು. 'ಇವನೂ ರುದ್ರಮುನಿಯಂಥವನೇ...' ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಗುತ್ತೂರಿನ ಬಸ್ಸಿಗಾಗಿ ಹರಿಹರದಲ್ಲಿ ಇಳಿದಾಗ, ಅಂಗಡಿಯೊಂದರ ಹಳೇ ಬೋರ್ಡಿಗೆ ಪೇಂಟರೊಬ್ಬ ಬಿಳಿ ಬಣ್ಣ ಬಳಿಯುತ್ತಿದ್ದ. ಅದು ಒಣಗಿದ ಮೇಲಲ್ಲವೇ ಹೊಸ ಅಕ್ಷರ...

ಅಯ್ಯೋ! ಅದು ಅಳಿಸಿದ್ದಲ್ಲ, ಬೇಸ್ ಕೋಟ್!

ದಿನವಿಡೀ ಬಣ್ಣದಲ್ಲೇ ಬದುಕುವವಳಿಗೆ ಇಷ್ಟು ಹೊಳೆಯಬಾರದೇ? ತನ್ನನ್ನು ತಾನೇ ಬೈದುಕೊಳ್ಳುತ್ತಾ ದಾವಣಗೆರೆಯ ಬಸ್ಸಿಗೆ ಓಡಿದಳು.

ಸಂಜೆ ಶಾಲೆಯ ಗೋಡೆಯ ಮೇಲೆ ದಪ್ಪ ನೀಲಿ ಅಕ್ಷರಗಳು. ರಸ್ತೆಯಾಚೆಯಿಂದಲೂ ಕಾಣುತ್ತಿದ್ದವು: 'ಚಿತ್ರ: ಭುವನೇಶ್ವರಿ, ಗುತ್ತೂರು.'

"ನಿಮ್ಮ ಸಹಿ ಗೇಣುದ್ದನೂ ಇರ್ಲಿಲ್ಲ," ಎಂದ ಬಕ್ಕೇಶ. " ಹುಲ್ಲು ಬೆಳೆದ್ರೆ ಮುಚ್ಚಿ ಹೋಗೋದು. ಹೆಸರು ಚಿತ್ರಕ್ಕೆ ತಕ್ಕಂಗೆ ಇರಬ್ಯಾಡ್ವಾ?"

"ರುದ್ರಮುನಿ ಏನಂದ್ರು?"

"ಅವರ ಕೆಲಸ ಬಿಟ್ಟೆ. ಶಾಲೆ ಹೆಡ್‌ಮೇಡಂನ ಕೇಳೇ ಬರ್ದೀನಿ. ಇನ್ನ ಯಾರೂ ಅಳಿಸಂಗಿಲ್ಲ."

ಭುವನೇಶ್ವರಿಯ ಎದೆ ಹೆಮ್ಮೆಯಿಂದ ಉಬ್ಬಿತು. ಕಣ್ಣೂ ತುಂಬಿತು.

"ತಪ್ಪು ತಿಳ್ಕೊಂಡೆ ರೀ... ನಿಮ್ಮ ಹೆಸರೆಲ್ಲಿ?"

"ಅಕ್ಷರ ಬರೆಯೋನ ಹೆಸರು ಯಾರಿಗೆ ಬೇಕು ಬಿಡ್ರಿ."

"ನನಗೆ ಬೇಕು!"

ಬ್ರಶ್ ಕಸಿದುಕೊಂಡು ತನ್ನ ಹೆಸರಿನ ಪಕ್ಕದಲ್ಲೇ 'ಬಕ್ಕೇಶ್' ಎಂದು ಬರೆದಳು. ಚಿತ್ರದಲ್ಲಿ ಪಳಗಿದ ಕೈ ಅಕ್ಷರದಲ್ಲಿ ಎಡವಿತು.

"ಸೊಟ್ಟಗೈತೆ. ಅಳಿಸಿ ನೀವೇ ಬರೀರಿ."

"ಬ್ಯಾಡ. ನಿನ್ನ ಕೈಲಿ ಬಂದೈತೆ... ಹಂಗೇ ಇರ್ಲಿ, ಭುವನಾ."

'ನಿನ್ನ' ಎಂದಿದ್ದ! ಅವಳ ಕಿವಿ ಬಿಸಿಯಾಯಿತು.

"ಎಲ್ಲಿತನಕ ಇರ್ಲಿ?"

"ಗೋಡೆ ಇರೋತನಕ. ನೀ ಒಪ್ಪಿದ್ರೆ... ನಾ ಇರೋತನಕ."

"ಒಪ್ಪಿದೆ. ಮೊದ್ಲು ಮಂಡಕ್ಕಿ ಕೊಡ್ಸು. ಆಮೇಲೆ ಜೊತೆಗೇ ಹೊಸ ಗೋಡೆ ಹುಡುಕೋಣ, ನಡಿ!"